ಹೊಸ ಕಲ್ಲು, ಹಳೆ ಕಬೋರ್ಡು: ಹಾಸನದ ಒಂದು ಅಡುಗೆಮನೆಯ ಪ್ರಕರಣ

ಹಾಸನದ ಹಳೆಯ ಬಡಾವಣೆಯೊಂದರಲ್ಲಿ ನಡೆದ ಕೆಲಸ ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮನೆ ರಿಪೇರಿಯ ಉಸ್ತುವಾರಿ ಮಾಡುವವರಿಗೆ ಪದೇ ಪದೇ ಬರುವ ಪ್ರಶ್ನೆಯೇ ಇಲ್ಲೂ ಇದ್ದದ್ದು: ಅಡುಗೆ ಕಟ್ಟೆಗೆ ಹೊಸ ಕಲ್ಲು ಹಾಕಿಸುವಾಗ ಕೆಳಗಿನ ಹಳೆ ಕಬೋರ್ಡುಗಳನ್ನೂ ತೆಗೆಸಬೇಕಾ, ಇಟ್ಟುಕೊಳ್ಳಬಹುದಾ?

ಮನೆ ಹೇಗಿತ್ತು

ಮನೆ ಕಟ್ಟಿ ಮೂವತ್ತು ವರ್ಷದ ಹತ್ತಿರ. ಯಜಮಾನರು ನಿವೃತ್ತರು. ಅಡುಗೆಮನೆ ಅತ್ತೆ, ಸೊಸೆ ಇಬ್ಬರದ್ದೂ. ಸೊಸೆ ಕೆಲಸಕ್ಕೆ ಹೋಗುವವರು, ಹಾಗಾಗಿ ಬೆಳಗಿನ ಅಡುಗೆ ಅವರದು, ರಾತ್ರಿಯ ಮುದ್ದೆ-ಸಾರು ಅತ್ತೆಯದು.

ಕಟ್ಟೆ ಎಲ್ ಆಕಾರದ್ದು. ಉದ್ದದ ಕಡೆ 10 ಅಡಿ, ಅದಕ್ಕೆ ಸೇರಿದ ಗಿಡ್ಡ ಕಡೆ 6 ಅಡಿ, ಅಗಲ 2 ಅಡಿ. ಉದ್ದದ ಕಡೆ ಮನೆ ಕಟ್ಟಿದಾಗಲೇ ಮಾಡಿದ್ದು: ಕಡಪ ಕಲ್ಲಿನ ಚಪ್ಪಡಿ, ಕೆಳಗೆ ನಿಲ್ಲಿಸಿದ ಕಡಪ ಪಾರ್ಟಿಷನ್ ಕಲ್ಲುಗಳು, ಮುಂದೆ ಮರದ ಚೌಕಟ್ಟು, ಮರದ ಬಾಗಿಲು. ಬಾಗಿಲುಗಳ ಮೇಲೆ ಎಷ್ಟು ಸಲ ಎನಾಮಲ್ ಪೇಂಟ್ ಬಳಿದಿದ್ದರೋ, ಅಂಚೆಲ್ಲ ಮೊಂಡಾಗಿತ್ತು.

ಗಿಡ್ಡ ಕಡೆ ಆಮೇಲೆ ಬಂದದ್ದು. ಹಿಂದಿನ ಜಗುಲಿಯನ್ನು ಒಳಗೆ ಸೇರಿಸಿಕೊಂಡಾಗ ರೆಡಿಮೇಡ್ ಬಾಕ್ಸ್ ತಂದು ಜೋಡಿಸಿ, ಮೇಲೆ ಗ್ರಾನೈಟ್ ಕೂರಿಸಿದ್ದರು. ಸಿಂಕ್ ಇದ್ದದ್ದು ಇಲ್ಲೇ. ಬಾಗಿಲಿಗೆ ಬಿಳಿ ಮೈಕಾ, ಸ್ಟೀಲ್ ಹಿಡಿ. ನೋಡಿದರೆ ಇವತ್ತಿಗೂ ಹೊಸದರಂತೆ ಹೊಳೆಯುತ್ತಿತ್ತು.

ದೂರು ಏನು

ಎರಡು ದೂರು ಇದ್ದವು. ಒಂದು, ಕಡಪ ಕಲ್ಲು ಅಲ್ಲಲ್ಲಿ ಬೆಳ್ಳಗಾಗಿ, ಅಂಚಿನಲ್ಲಿ ಪದರ ಎದ್ದಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಕಡಪ ಸುಣ್ಣದಂಶದ ಕಲ್ಲು. ಹುಣಸೆಹುಳಿ, ನಿಂಬೆರಸ ಬಿದ್ದಲ್ಲೆಲ್ಲ ಹೊಳಪು ಹೋಗುತ್ತದೆ. ಗ್ರಾನೈಟ್‌ಗೆ ಈ ಕಾಟ ಕಡಿಮೆ.

ಎರಡನೆಯ ದೂರು ಎರಡೂ ಕಟ್ಟೆ ಸೇರುವ ಮೂಲೆಯದು. ಅಲ್ಲಿನ ಜೋಡಣೆ ಪದೇ ಪದೇ ಬಾಯಿ ಬಿಡುತ್ತಿತ್ತು. ಮೊದಲು ಬಿಳಿ ಸಿಮೆಂಟ್ ತುಂಬಿಸಿದ್ದಾರೆ. ಆಮೇಲೆ ಅರಾಲ್ಡೈಟ್ ಅಂಟು. ಒಂದೊಂದು ಮಳೆಗಾಲ ಕಳೆದ ಮೇಲೂ ಅದೇ ಬಿರುಕು, ಅದರೊಳಗೆ ನೀರು, ಜಿರಲೆ. "ಕಲ್ಲೇ ಸರಿ ಇಲ್ಲ, ಎಲ್ಲಾನೂ ಬದಲಾಯಿಸಿಬಿಡೋಣ" ಅಂತ ಮನೆಯವರು ತೀರ್ಮಾನಿಸಿದ್ದರು.

ಗ್ರಾನೈಟ್ ಆರಿಸಿ ಅಡ್ವಾನ್ಸೂ ಕೊಟ್ಟಾಗಿತ್ತು. 'ಹಾಸನ್ ಗ್ರೀನ್' ಅಂತ ನಮ್ಮೂರ ಹೆಸರು ಹೊತ್ತ ಕಲ್ಲೇ ಮಾರುಕಟ್ಟೆಯಲ್ಲಿದೆ. ಇವರು ಮಾತ್ರ ಕಪ್ಪೇ ಬೇಕು ಅಂದರು. ಇರಲಿ.

ಕಬೋರ್ಡಿನ ವಿಷಯದಲ್ಲಿ ಮೂರು ಮಾತು ಕೇಳಿಬಂದಿದ್ದವು. ಕಲ್ಲಿನ ಅಂಗಡಿಯವರು, "ಕೆಳಗಿಂದು ಮುಟ್ಟೋದೇ ಬೇಡ, ಹಳೇ ಕಲ್ಲು ತೆಗೆದು ಹೊಸದು ಕೂರಿಸಿ ಹೋಗ್ತೀವಿ" ಅಂದಿದ್ದರು. ಇಂಟೀರಿಯರ್ ಅಂಗಡಿಯವರು ಎಲ್ಲವನ್ನೂ ಕಿತ್ತು ಪೂರ್ತಿ ಮಾಡ್ಯುಲರ್ ಮಾಡಲು ಕೊಟೇಶನ್ ಕೊಟ್ಟಿದ್ದರು. ಅದು ಕಲ್ಲಿನ ಖರ್ಚಿನ ನಾಲ್ಕು ಪಟ್ಟಿನಷ್ಟಿತ್ತು. ಯಜಮಾನರದ್ದು ಮಧ್ಯದ ದಾರಿ: ಹಳೇ ಮರದ ಬಾಗಿಲು, ಚೌಕಟ್ಟು ತೆಗೆಸೋದು, ಬಿಳಿ ಬಾಕ್ಸ್ ಚೆನ್ನಾಗಿದೆಯಲ್ಲ, ಅದನ್ನು ಇಟ್ಟುಕೊಳ್ಳೋದು. ಕಲ್ಲು ಮಾರುವವರಿಗೆ ಕೆಲಸ ಬೇಗ ಮುಗಿಯಬೇಕು, ಬಾಕ್ಸ್ ಮಾರುವವರಿಗೆ ಬಾಕ್ಸ್ ಹೋಗಬೇಕು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಬಾಕ್ಸಿನ ಕೆಳಗೆ ಬಗ್ಗಿ ನೋಡಿದವರು ಯಾರೂ ಇರಲಿಲ್ಲ.

ಖಾಲಿ ಮಾಡಿ ನೋಡಿದ್ದು

ನಾನು ಹೋದ ದಿನ ಮೊದಲು ಕೇಳಿಕೊಂಡಿದ್ದು ಸಿಂಕ್ ಕೆಳಗಿನ ಸಾಮಾನು ಪೂರ್ತಿ ತೆಗೆಯಿರಿ ಅಂತ. ಬಕೆಟ್ಟು, ಪಿನಾಯಿಲ್, ಹಳೇ ಪ್ಲಾಸ್ಟಿಕ್ ಡಬ್ಬಗಳು ಈಚೆ ಬಂದವು. ಕೆಳಗಿನ ಅಡ್ಡ ಪಟ್ಟಿಯನ್ನೂ ಬಿಚ್ಚಿದೆವು. ಬಾಕ್ಸಿನ ತಳ ಉಬ್ಬಿ ಮಧ್ಯದಲ್ಲಿ ಇಳಿದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಪಕ್ಕದ ಹಲಗೆಯನ್ನು ಒತ್ತಿದರೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಒಳಗೆ ಹೋಯಿತು. ಬಾಕ್ಸ್ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೈಕಾ ಮುಚ್ಚಿದ ಮುಖಕ್ಕೆ ನೀರು ತಾಗಿದರೆ ಏನೂ ಆಗುವುದಿಲ್ಲ. ಕತ್ತರಿಸಿದ ಅಂಚು, ಸ್ಕ್ರೂ ಹೊಡೆದ ತೂತು, ಪೈಪಿಗೆ ಕೊರೆದ ಜಾಗ, ಇಲ್ಲಿಂದ ನೀರು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ ಮೇಲೆ ಒಣಗಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ. ಸ್ಕ್ರೂ ಹಿಡಿತ ಬಿಡುತ್ತದೆ. ಸಿಂಕಿನ ವೇಸ್ಟ್ ಪೈಪ್ ಸೇರುವಲ್ಲಿ ಹನಿ ಹನಿಯಾಗಿ ಸೋರುತ್ತಿತ್ತು. ಎಷ್ಟು ಕಾಲದಿಂದ ಅಂತ ಮನೆಯವರಿಗೆ ಗೊತ್ತಿರಲಿಲ್ಲ, ಅಡ್ಡ ಬಕೆಟ್ ಇತ್ತು.

ಮೇಲೆ ರಸಮಟ್ಟ ಇಟ್ಟರೆ ಗಿಡ್ಡ ಕಡೆಯ ಕಲ್ಲು ಸಿಂಕಿನ ಕಡೆಗೆ ವಾಲಿತ್ತು. ಮೂಲೆಯ ಬಿರುಕಿನ ಗುಟ್ಟು ಆಗ ಗೊತ್ತಾಯಿತು. ಉದ್ದದ ಕಡೆಯ ಕಲ್ಲನ್ನು ಹೊತ್ತಿರುವುದು ಕಲ್ಲು, ಅದು ಅಲ್ಲಾಡಿಲ್ಲ. ಗಿಡ್ಡ ಕಡೆಯದನ್ನು ಹೊತ್ತಿರುವುದು ಬಾಕ್ಸ್, ಅದು ಇಳಿಯುತ್ತಾ ಬಂದಿದೆ. ಒಂದು ನಿಂತಿದೆ, ಒಂದು ಇಳಿದಿದೆ, ಮಧ್ಯದ ಜೋಡಣೆ ಬಾಯಿ ಬಿಡದೆ ಇನ್ನೇನು ಮಾಡೀತು? ಬಿರುಕಿನಿಂದ ಇಳಿದ ನೀರು ಮತ್ತೆ ಬಾಕ್ಸಿಗೇ ಹೋಗಿ ಅದನ್ನು ಇನ್ನಷ್ಟು ಕೆಡಿಸಿದೆ. ಕಲ್ಲಿನ ಮೇಲೆ ಹೊರಿಸಿದ್ದ ದೂರು ಅಸಲಿಗೆ ಬಾಕ್ಸಿನದು.

ಇದೇ ಬಾಕ್ಸಿನ ಮೇಲೆ ಹೊಸ ಕಲ್ಲು ಕೂರಿಸಿದ್ದರೆ? 18 ಮಿಲಿಮೀಟರ್ ದಪ್ಪದ ಕಪ್ಪು ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. ಗಿಡ್ಡ ಕಡೆ 12 ಚದರ ಅಡಿ. ಅಂದರೆ 60 ಕೆಜಿ ಕಲ್ಲು, ಅದರ ಮೇಲೆ ನೀರು ತುಂಬಿದ ಸಿಂಕು, ತೊಳೆಯಲು ಇಟ್ಟ ಪಾತ್ರೆ, ಒರಗಿ ನಿಲ್ಲುವ ಮನುಷ್ಯರು.

ಇನ್ನು ಉದ್ದದ ಕಡೆ. ಪಾರ್ಟಿಷನ್ ಕಲ್ಲುಗಳು ಗಟ್ಟಿಯಾಗಿದ್ದವು. ಬಾಗಿಲು ನೋಡಲು ಕರೆಸಿದ ಆಚಾರಿ ಹಿಂಬದಿಯ ಪೇಂಟನ್ನು ಉಳಿಯಿಂದ ಸ್ವಲ್ಪ ಕೆರೆದರು. ಹಳದಿ-ಕಂದು ಮರ ಕಾಣಿಸಿತು. "ಸಾರ್, ಇದು ಹಲಸು. ಇಂಥದ್ದು ಈಗ ಮಾಡ್ಸೋಕೆ ಹೋದ್ರೆ ಮರದ ರೇಟ್ ಕೇಳಿ ಸುಮ್ನಾಗ್ತೀರ" ಅಂದರು. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಚೌಕಟ್ಟು ಹಲಸಿನದಾಗಿರಲಿಲ್ಲ. ಆಗ ಕಾಸು ಉಳಿಸಲು ಯಾವುದೋ ಕಾಡುಮರ ಹಾಕಿದ್ದರು. ಬಚ್ಚಲ ಗೋಡೆಗೆ ತಾಗಿದ ಕೊನೆಯ ಕಂಬವನ್ನು ಗೆದ್ದಲು ಒಳಗಿಂದ ತಿಂದು ಬರೀ ಪೇಂಟ್ ಉಳಿಸಿತ್ತು.

ಹೀಗೆ ಲೆಕ್ಕ ತಿರುಗಿತು. ತೆಗೆಸಬೇಕು ಅಂದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಉಳಿಯುವಂಥದ್ದು, ಉಳಿಸಬೇಕು ಅಂದುಕೊಂಡದ್ದು ಪೂರ್ತಿ ಹೋಗುವಂಥದ್ದು. ಯಜಮಾನರು ಇದನ್ನು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆಯುವ ಬಾಗಿಲು ಕಣ್ಣೆದುರೇ ಇತ್ತಲ್ಲ. ಈ ಮಧ್ಯೆ ಕಲ್ಲಿನ ಅಂಗಡಿಯಿಂದ ಫೋನ್, "ಅಳತೆ ಕೊಟ್ರೆ ಇವತ್ತೇ ಕಟ್ ಮಾಡಿಸ್ತೀವಿ". ಅಳತೆ ಕೊಡಬೇಡಿ ಅಂತ ಹೇಳಿದೆ. ಕಲ್ಲು ಕತ್ತರಿಸಿದರೆ ಮುಗಿಯಿತು, ಆಮೇಲಿನ ಎಲ್ಲ ತೀರ್ಮಾನವೂ ಆ ತುಂಡಿಗೆ ತಕ್ಕಂತೆ ಬಗ್ಗಬೇಕು.

ಎತ್ತರದ ಜಗಳ

ಬಾಕ್ಸ್ ತೆಗೆಯುವುದು ನಿಶ್ಚಯವಾದ ಮೇಲೆ ಎತ್ತರದ ಪ್ರಶ್ನೆ ಎದ್ದಿತು. ಹಳೇ ಕಟ್ಟೆ ಮೂವತ್ತೊಂದೂವರೆ ಇಂಚು. ಸೊಸೆ ಎತ್ತರದವರು, ಪಾತ್ರೆ ತೊಳೆದು ಸೊಂಟ ಹಿಡಿಯುತ್ತೆ ಅನ್ನುವುದು ಅವರ ಕಷ್ಟ. 34 ಇಂಚಾದರೂ ಬೇಕು ಅಂದರು. ಅತ್ತೆ ಒಪ್ಪಲಿಲ್ಲ. "ಹಿಟ್ಟು ತೊಳಸೋರು ಯಾರು ಅಂತ ಕೇಳ್ಕಂಡು ಎತ್ತರ ಇಡಿ" ಅಂದುಬಿಟ್ಟರು.

ಅವರ ಮಾತಿನಲ್ಲಿ ಹುರುಳಿತ್ತು. ಮುದ್ದೆ ತೊಳಸುವಾಗ ಕೋಲನ್ನು ಮೇಲಿನಿಂದ ಒತ್ತಬೇಕು, ಭುಜದ ಬಲ ಕೆಳಗೆ ಬೀಳಬೇಕು. ಕಟ್ಟೆಯ ಮೇಲೆ ಸ್ಟೌ, ಸ್ಟೌ ಮೇಲೆ ಪಾತ್ರೆ, ಅದರೊಳಗೆ ಕೋಲು. ಎರಡೂವರೆ ಇಂಚು ಏರಿಸಿದರೆ ಗಿಡ್ಡಗಿರುವವರಿಗೆ ಕೈ ಎದೆಮಟ್ಟಕ್ಕೆ ಬರುತ್ತದೆ. ಇಂಟೀರಿಯರ್‌ನವರು ಇದಕ್ಕೆ ಕಲ್ಲಿನೊಳಗೆ ಹೂತಿಡುವ ಗಾಜಿನ ಸ್ಟೌ, ಅಂದರೆ ಹಾಬ್, ಸೂಚಿಸಿದ್ದರು. ಅದು ಕಲ್ಲಿನ ಮಟ್ಟಕ್ಕೇ ಕೂರುವುದರಿಂದ ಪಾತ್ರೆ ಕೆಳಗಿಳಿಯುತ್ತದೆ, ನಿಜ. ಆದರೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ಮೈಭಾರ ಹಾಕಿ ಹಿಟ್ಟು ತಿರುವುವ ಮನೆಯಲ್ಲಿ ಗಾಜಿನ ಮೇಲೆ ಆ ಕೆಲಸ ಮಾಡಿಸಲು ನನಗೆ ಧೈರ್ಯ ಬರಲಿಲ್ಲ. ಮಾಡ್ಯುಲರ್ ಕ್ಯಾಟಲಾಗ್‌ಗಳಲ್ಲಿ ಮುದ್ದೆ ಎಲ್ಲಿ ತೊಳಸಬೇಕು ಅಂತ ಬರೆದಿರುವುದಿಲ್ಲ, ಅಲ್ವಾ.

ಎರಡು ಕಡೆಗೂ ಒಂದೇ ಎತ್ತರ ಯಾಕೆ ಬೇಕು ಅಂತ ಕೇಳಿದವರು ಸೊಸೆಯೇ. ಸಿಂಕಿನಲ್ಲಿ ಕೈ ಕೆಲಸ ಮಾಡುವುದು ಸಿಂಕಿನ ತಳದಲ್ಲಿ, ಅಂದರೆ ಕಟ್ಟೆಗಿಂತ ಏಳೆಂಟು ಇಂಚು ಕೆಳಗೆ. ಒಲೆಯಲ್ಲಿ ಕೈ ಕೆಲಸ ಮಾಡುವುದು ಕಟ್ಟೆಗಿಂತ ಮೇಲೆ. ಹಾಗಾಗಿ ಸಿಂಕಿನ ಕಡೆ 34, ಒಲೆಯ ಕಡೆ ಹಳೆಯದೇ ಎತ್ತರ ಅಂತಾಯಿತು. ಮೂಲೆಯಲ್ಲಿ ಎರಡೂವರೆ ಇಂಚಿನ ಮೆಟ್ಟಿಲು ಬರುತ್ತದೆ. ಅದರಿಂದ ಇನ್ನೊಂದು ಅನುಕೂಲ ಸಿಕ್ಕಿತು. ಎರಡು ಕಲ್ಲುಗಳು ಒಂದೇ ಮಟ್ಟದಲ್ಲಿ ಅಂಚಿಗೆ ಅಂಚು ಸೇರುವ ಜೋಡಣೆಯೇ ಇಲ್ಲವಾಯಿತು. ಮೇಲಿನ ಕಲ್ಲು ಕೆಳಗಿನದರ ಮೇಲೆ ಸ್ವಲ್ಪ ಚಾಚಿಕೊಂಡು ಕೂರುತ್ತದೆ.

ಕೆಲಸ ನಡೆದ ಬಗೆ

ಕಡಪ ಚಪ್ಪಡಿ ಎಬ್ಬಿಸುವಾಗ ಒಂದು ಪಾರ್ಟಿಷನ್ ಕಲ್ಲು ಸೀಳಿತು. ಚಪ್ಪಡಿಯ ಹಿಂದಿನ ಅಂಚು ಗೋಡೆಯೊಳಗೆ ಹೋಗಿದ್ದರಿಂದ ಟೈಲ್ಸಿನ ಕೆಳಗಿನ ಸಾಲೂ ಒಡೆಯಿತು. ಆ ಟೈಲ್ ಈಗ ಎಲ್ಲೂ ಸಿಗುವುದಿಲ್ಲ. ಗ್ರಾನೈಟಿನದೇ 4 ಇಂಚಿನ ಪಟ್ಟಿಯನ್ನು ಗೋಡೆಗುಂಟ ಹಾಕಿ ಮುಚ್ಚಿದೆವು. ಹೀಗಾಗಬಹುದು ಅಂತ ಮೊದಲೇ ಹೇಳಿ, ಪಟ್ಟಿಯ ಅಳತೆಯನ್ನೂ ಸೇರಿಸಿಯೇ ಕಲ್ಲಿನ ಲೆಕ್ಕ ಕೊಟ್ಟಿದ್ದರಿಂದ ಜಗಳವಾಗಲಿಲ್ಲ.

ಸಿಂಕ್ ಕಡೆ ಮತ್ತೆ ಬಾಕ್ಸ್ ಬೇಕಾ ಅನ್ನುವುದು ಮುಂದಿನ ತೀರ್ಮಾನ. ಐಎಸ್ 710 ಅನ್ನುವ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ ಮರೈನ್ ಪ್ಲೈವುಡ್ ಹಾಕಬಹುದಿತ್ತು. ಅದರ ಅಂಟು ಕುದಿಯುವ ನೀರಿನ ಪರೀಕ್ಷೆ ಪಾಸಾಗಿರಬೇಕು, ಪಾರ್ಟಿಕಲ್ ಬೋರ್ಡಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೂ ಸಿಂಕಿನ ಕೆಳಗೆ ಭಾರ ಹೊರುವ ಕೆಲಸವನ್ನು ಮರಕ್ಕೆ ಕೊಡುವುದೇ ಬೇಡ ಅಂದುಕೊಂಡೆವು. ಕಿತ್ತ ಕಡಪ ಚಪ್ಪಡಿ ಹಿತ್ತಿಲಲ್ಲಿ ಬಿದ್ದಿತ್ತು. ಮೇಲ್ಮೈ ಬೆಳ್ಳಗಾಗಿದ್ದರೇನು, ಗಟ್ಟಿಯಾಗಿತ್ತು. ಅದನ್ನೇ ಕೊಯ್ಸಿ ಎರಡು ಪಾರ್ಟಿಷನ್ ಮಾಡಿಸಿ ಸಿಂಕಿನ ಎರಡು ಪಕ್ಕಕ್ಕೆ ನಿಲ್ಲಿಸಿದೆವು. ಉಳಿದ ಕಡಪ ಹೊಸದಾಗಿ ತಂದದ್ದು.

ಪಾರ್ಟಿಷನ್ ಎಲ್ಲ ನಿಂತು, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ಮಟ್ಟ ನೋಡಿದ ಮೇಲೆಯೇ ಕಲ್ಲಿನವರನ್ನು ಅಳತೆಗೆ ಕರೆಸಿದ್ದು. ಎರಡು ಅಡಿ ಅಗಲದಲ್ಲಿ ಸಿಂಕಿಗೆ 18 ಇಂಚು ಹೋದರೆ ಹಿಂದೆ ಮುಂದೆ ಸೇರಿ ಉಳಿಯುವುದು 6 ಇಂಚು. ಗ್ರಾನೈಟ್ ಮುರಿಯುವುದು ಸಾಮಾನ್ಯವಾಗಿ ಇಲ್ಲೇ. ಕೊರೆದ ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರು. ಮೂಲೆಗಳನ್ನು ದುಂಡಗೆ ಕೊರೆಯಿರಿ, ಕೊರೆಯುವಾಗ ನೀರು ಹಾಕುತ್ತಾ ಕೊರೆಯಿರಿ ಅಂತ ಕೇಳಿಕೊಂಡೆ. ಒಣ ಕಲ್ಲಿನ ಧೂಳು ಎದೆಗೆ ಹೋದರೆ ಒಳ್ಳೆಯದಲ್ಲ. ಮನೆಯವರಿಗಿಂತ ಆ ಹುಡುಗರಿಗೇ ಅದರ ಅಪಾಯ ಜಾಸ್ತಿ.

ಒಲೆಯ ಕಡೆ ಒಂದು ತೊಡಕಿತ್ತು. ಕಡಪ ಒಂದೂವರೆ ಇಂಚು ದಪ್ಪ, ಗ್ರಾನೈಟ್ ಅದರ ಅರ್ಧ. ಕೆಳಗೆ ಗಾರೆ ಹಾಸಿ ಎತ್ತರ ಸರಿದೂಗಿಸಿ, ಮುಂದಿನ ಅಂಚಿಗೆ ಗ್ರಾನೈಟಿನದೇ ಇನ್ನೊಂದು ಪಟ್ಟಿ ಅಂಟಿಸಿದರು. ಕಡಪ ಇದ್ದಷ್ಟೇ ಜಾಗವನ್ನು ಆ ಅಂಚು ತುಂಬಿತು. ಹಾಗಾಗಿ ಹಳೇ ಬಾಗಿಲುಗಳನ್ನು ಕೊಯ್ಯದೆಯೇ ಮತ್ತೆ ಕೂರಿಸಲು ಸಾಧ್ಯವಾಯಿತು. ಗೆದ್ದಲು ತಿಂದ ಕಂಬ ತೆಗೆದು, ಗೋಡೆಯ ಬುಡಕ್ಕೆ ಗೆದ್ದಲಿನ ಔಷಧಿ ಹೊಡೆಸಿ, ಆಚಾರಿ ಹೊಸ ಕಂಬ ಹಾಕಿದರು.

ಪೇಂಟ್ ತೆಗೆಯುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಲು ಬಿಡಲಿಲ್ಲ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಈ ಬಾಗಿಲುಗಳ ಪೇಂಟ್ ಅದಕ್ಕಿಂತ ಎಷ್ಟೋ ಹಳೆಯದು. ಮರಳು ಕಾಗದ ಹಿಡಿದು ಒಣಗಿದ್ದಂತೆಯೇ ಉಜ್ಜಿದರೆ ಆ ಪುಡಿ ಅಡುಗೆಮನೆ ತುಂಬಾ ಕೂರುತ್ತದೆ. ಬಾಗಿಲು ಬಿಚ್ಚಿ ಆಚಾರಿಯವರ ಶೆಡ್ಡಿಗೆ ಕಳಿಸಿ, ಪೇಂಟ್ ರಿಮೂವರ್ ಬಳಿದು ಕೆರೆಸಿ, ಆಮೇಲೆ ಹತ್ತರಿ ಹೊಡೆಸಿದೆವು.

ಸಿಂಕ್ ಕಡೆಗೆ ಬಾಗಿಲನ್ನೇ ಹಾಕಲಿಲ್ಲ. ದುಡ್ಡು ಅಷ್ಟಕ್ಕೇ ಮುಗಿದಿತ್ತು. ಪರದೆ ಕಟ್ಟಿಕೊಂಡು ಇರಿ, ಬಾಗಿಲು ಯಾವಾಗ ಬೇಕಾದರೂ ಬರಬಹುದು ಅಂದೆ. ಯಜಮಾನರಿಗೆ ನೆಂಟರು ಬಂದರೆ ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ. ಸೊಸೆಗೆ ಆ ಚಿಂತೆ ಇರಲಿಲ್ಲ.

ಒಂದು ಮಳೆಗಾಲದ ಮೇಲೆ

ಬೇಸಿಗೆಯಲ್ಲಿ ಕೂರಿಸಿದ ಹಲಸಿನ ಬಾಗಿಲುಗಳಲ್ಲಿ ಎರಡು, ಆಷಾಢದ ಮಳೆಗೆ ಉಬ್ಬಿ ಬಿಗಿಯಾದವು. ಘನ ಮರ ಅಂದರೆ ಹೀಗೇ, ತೇವಕ್ಕೆ ಅಗಲವಾಗುತ್ತದೆ. ಆಚಾರಿ ಬಂದು ಅಂಚಿಗೆ ಸ್ವಲ್ಪ ಹತ್ತರಿ ಹೊಡೆದು ಹೋದರು. ಮೂಲೆಯಲ್ಲಿ ಬಿರುಕಿಲ್ಲ. ಸಿಂಕಿನ ಕೆಳಗೆ ಈಗ ಎಲ್ಲ ಕಣ್ಣಿಗೆ ಕಾಣುವುದರಿಂದ, ಪೈಪಿನ ಜೋಡಣೆ ಒಮ್ಮೆ ಸೋರಿದಾಗ ಅವತ್ತೇ ಗೊತ್ತಾಗಿ ಬಿಗಿ ಮಾಡಿಸಿದ್ದಾರೆ.

ಎಲ್ಲವೂ ಚೆನ್ನಾಗಾಯಿತು ಅಂತಲೂ ಅಲ್ಲ. ಎರಡೂವರೆ ಇಂಚಿನ ಮೆಟ್ಟಿಲಿನ ಬುಡದಲ್ಲಿ ಜಿಡ್ಡು ಕೂರುತ್ತದೆ, ದಿನಾ ಒರೆಸಬೇಕು. ಪಾರ್ಟಿಷನ್ ಕಲ್ಲುಗಳ ನಡುವಿನ ಜಾಗ ಒಂದೊಂದು ಒಂದೊಂದು ಅಳತೆ, ಹಾಗಾಗಿ ಎಳೆದರೆ ಈಚೆ ಬರುವ ಸ್ಟೀಲ್ ಬುಟ್ಟಿಗಳನ್ನು ಕೂರಿಸಲು ಆಗಲಿಲ್ಲ. ಸೊಸೆಗೆ ಅವು ಬೇಕಿದ್ದವು. ತಟ್ಟೆ-ಲೋಟಕ್ಕೆ ಬಗ್ಗಿ ಕೈ ಹಾಕುವುದು ತಪ್ಪಿಲ್ಲ ಅನ್ನುವುದು ಅವರ ಅಸಮಾಧಾನ, ಅದು ನ್ಯಾಯವೇ. ಬುಟ್ಟಿಗಳೇ ಮುಖ್ಯ ಅನ್ನುವವರಾಗಿದ್ದರೆ ಹಳೇ ಪಾರ್ಟಿಷನ್ ಗಟ್ಟಿಯಿದ್ದರೂ ತೆಗೆಸಿ, ಅಳತೆಗೆ ತಕ್ಕ ಮರೈನ್ ಪ್ಲೈ ಬಾಕ್ಸ್ ಮಾಡಿಸುವುದು ಸರಿಯಾದ ದಾರಿಯಾಗುತ್ತಿತ್ತು. ಆ ತೀರ್ಮಾನವನ್ನೂ ಕಲ್ಲಿಗೆ ಮುಂಚೆಯೇ ಮಾಡಬೇಕಿತ್ತು.

ಬೇರೆಯವರ ಮನೆಗೆ ಇದರಲ್ಲಿ ಎಷ್ಟು ಹೊಂದುತ್ತದೆ

ಈ ಪ್ರಕರಣದಲ್ಲಿ ಕೆಲಸಕ್ಕೆ ಬಂದದ್ದು, 'ಕಬೋರ್ಡ್ ಬದಲಿಸಬೇಕಾ' ಅನ್ನುವ ಒಂದು ಪ್ರಶ್ನೆಯನ್ನು ಎರಡಾಗಿ ಒಡೆದದ್ದು. ಕಲ್ಲನ್ನು ಹೊರುವ ಭಾಗ ಒಂದು, ಮುಂದೆ ಕಾಣುವ ಬಾಗಿಲು ಇನ್ನೊಂದು. ಬಾಗಿಲನ್ನು ಯಾವ ವರ್ಷವಾದರೂ ಬಿಚ್ಚಿ ಬದಲಿಸಬಹುದು, ಕಲ್ಲಿಗೆ ಏನೂ ಆಗುವುದಿಲ್ಲ. ಹೊರುವ ಭಾಗವನ್ನು ಬದಲಿಸಲು ಕಲ್ಲು ಎಬ್ಬಿಸಬೇಕು. ಎಬ್ಬಿಸಿದ ಕಲ್ಲು, ಅದರಲ್ಲೂ ಸಿಂಕಿಗೆ ಕೊರೆದದ್ದು, ಇಡಿಯಾಗಿ ಈಚೆ ಬರುವುದು ಅಪರೂಪ. ಅದಕ್ಕೇ ಹೊರುವ ಭಾಗದ ಬಗ್ಗೆ ಅನುಮಾನವಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು, ಚೆಂದದ ಬಾಗಿಲು ಕಾಯಬಹುದು.

ಹೊಸ ಅಪಾರ್ಟ್‌ಮೆಂಟುಗಳಲ್ಲಿ, ಈಚಿನ ಮಾಡ್ಯುಲರ್ ಮನೆಗಳಲ್ಲಿ ಎಷ್ಟೋ ಕಡೆ ಪಾರ್ಟಿಷನ್ ಕಲ್ಲೇ ಇರುವುದಿಲ್ಲ, ಬಾಕ್ಸೇ ಹೊರುತ್ತದೆ. ಅಲ್ಲಿ ಬಾಕ್ಸಿನ ಹಲಗೆ ಯಾವುದು, ಕಾಲುಗಳು ನೆಲಕ್ಕೆ ಸರಿಯಾಗಿ ಕೂತಿವೆಯಾ, ಸಿಂಕಿನ ಕೆಳಗೆ ಹಲಗೆಯ ಅಂಚು ಒಣಗಿದೆಯಾ ಅಂತ ನೋಡಬೇಕು. ಇವು ಸರಿಯಿದ್ದರೆ ಹಳೇ ಬಾಕ್ಸನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಒಂದು ಬಾಕ್ಸ್ ಮಾತ್ರ ಕೆಟ್ಟಿದ್ದರೆ ಅದೊಂದನ್ನೇ ಬದಲಿಸಿ, ಉಳಿದವುಗಳ ಮಟ್ಟಕ್ಕೆ ತಂದು, ಆಮೇಲೆ ಕಲ್ಲಿಗೆ ಅಳತೆ ಕೊಡಬಹುದು. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಾದರೆ ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಸುಮ್ಮನಾಗಬೇಡಿ. ಅಲ್ಲಿನ ಮಳೆಯಲ್ಲಿ, ಆಗಸ್ಟಿನ ಹೊತ್ತಿಗೆ, ಅದೇ ಬಾಕ್ಸಿನ ತಳವನ್ನು ಇನ್ನೊಮ್ಮೆ ಒತ್ತಿ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ.